ರಗತ ಕಮ್ಮಿ ಅಂದ್ರ "ಅವರ ಪದ್ಧತಿನೇ ಹಂಗ" ಅಂತ ಬರದು ಬಿಟ್ಟುಬಿಡೋದು ಸರಿ ಏನ್ರಿ?

ಚಿಂಚೋಳಿ_ಸಿಸ್ಟರ್
ಎಲ್ಲರಿಗೂ ನಮಸ್ಕಾರ್ರಿ. ನಾ ಚಿಂಚೋಳಿ ತಾಲ್ಲೂಕಿನಾಗ ಒಂದು ಉಪಕೇಂದ್ರದಾಗ ಕೆಲಸ ಮಾಡ್ತೀನಿ, ನಮ್ಮ ಏರಿಯಾಕ್ಕ ಊರೂ ಬರ್ತಾವ, ಸುತ್ತಮುತ್ತಲಿನ ಲಂಬಾಣಿ ತಾಂಡಾಗಳೂ ಬರ್ತಾವ. ಬಸುರಿ ಹೆಣ್ಣುಮಕ್ಕಳ ಹಿಮೋಗ್ಲೋಬಿನ್ ಲಿಸ್ಟ್ ಪ್ರತಿ ತಿಂಗಳು ಕೊಡಬೇಕು, 11ಕ್ಕಿಂತ ಕೆಳಗಿದ್ರ ಯಾಕ ಕಮ್ಮಿ ಅಂತ ಒಂದು ಕಾಲಂ ತುಂಬಬೇಕು. ಈ ಸಲ ಮೀಟಿಂಗಿನಾಗ ಏನಾತು ಅಂದ್ರ ತಾಂಡಾದ ಹೆಸರುಗಳ ಮುಂದ ಎಲ್ಲಾಕೂ "ಸಾಂಪ್ರದಾಯಿಕ ನಂಬಿಕೆ, ಅರಿವಿನ ಕೊರತೆ" ಅಂತ ಬರಸಿದ್ರು, ಊರಾನವರ ಹೆಸರಿನ ಮುಂದ "ಪೌಷ್ಟಿಕಾಂಶದ ಕೊರತೆ" ಅಂತ. ಎರಡೂ ಕಡಿ ಅದೇ 9, ಅದೇ 8.5.

ನಾ ಮನಿ ಮನಿ ಹೋಗಿ ನೋಡಿದವಳು. ಒಬ್ಬಾಕಿ ಮನ್ಯಾಗ ಗುಳಿಗಿ ಪಟ್ಟಿ ಪ್ಲಾಸ್ಟಿಕ್ ಚೀಲದಾಗ ಹಾಕಿ ಮೊಳೆಗೆ ತೂಗಬಿಟ್ಟಾಳ, ಮೊದಲಿನ ನಾಲ್ಕು ಖಾಲಿ, ಉಳಿದವು ಹಂಗೇ ಅವ. ಯಾಕ ಬಿಟ್ಟಿ ಅಂದ್ರ, ಮುಂಜಾನಿ ಆರಕ್ಕ ತೊಗರಿ ಹೊಲಕ್ಕ ಹೋಗಬೇಕು, ಖಾಲಿ ಹೊಟ್ಟಿಗೆ ನುಂಗಿದ್ರ ಹೊಟ್ಟಿ ತೊಳಸ್ತದ, ಹೊಲದಾಗ ವಾಂತಿ ಮಾಡ್ಕೊಂತ ನಿಂತ್ರ ಆ ದಿನದ ಕೂಲಿ ಹೋಗ್ತದ ಅಂದ್ಳು. ಇದ್ರಾಗ ಸಂಪ್ರದಾಯ ಎಲ್ಲದರೀ? ರಾತ್ರಿ ಊಟ ಆದ ಮ್ಯಾಲ ತಗೋ ತಂಗಿ ಅಂತ ಯಾರೂ ಹೇಳಿಲ್ಲ ಆಕಿಗೆ.

ನನಗ ಕೇಳೋದು ಇಷ್ಟೇ. ಜಾತಿ, ಬುಡಕಟ್ಟು, ಪದ್ಧತಿ ಇವೆಲ್ಲ ಆರೋಗ್ಯದ ಮ್ಯಾಲ ಪರಿಣಾಮ ಮಾಡ್ತಾವ ಅನ್ನೋದು ನನಗೂ ಗೊತ್ತದ. ಆದ್ರ ಎಲ್ಲಿ ತನಕ? ನಿಮ್ಮ ಕಡಿ ಹ್ಯಾಂಗದ ಹೇಳ್ರಿ.

ಶಹಾಪುರ_ಮಾಸ್ತರ್
ಸಿಸ್ಟರ್ ಛಲೋ ವಿಷಯ ತಗದೀರಿ. ಎನ್‌ಎಫ್‌ಎಚ್‌ಎಸ್-5 (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, 2019-21) ಸರ್ವೆ ಪ್ರಕಾರ ದೇಶದಾಗ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ 57% ಮಂದಿಗೆ ರಗತ ಕಮ್ಮಿ ಅದ, ನಮ್ಮ ರಾಜ್ಯದಾಗ 47.8%. ಅಂದ್ರ ರಾಜ್ಯದ ಹತ್ತಿರ ಹತ್ತಿರ ಅರ್ಧ ಹೆಣ್ಣುಮಕ್ಕಳು. ಬೆಂಗಳೂರು, ಮಂಗಳೂರು ಎಲ್ಲ ಸೇರಿ. ಅವರೆಲ್ಲರ ಮುಂದೂ ಸಾಂಪ್ರದಾಯಿಕ ನಂಬಿಕೆ ಅಂತ ಬರೀತಾರೇನು?

ತೊಗರಿ_ಕಣಜ
ಸರಿ ಹೇಳಿದ್ರಿ ಮಾಸ್ತರೇ 👏

ಸುರಪುರ_ದೊರೆ
ನಾ ಸ್ವಲ್ಪ ಉಲ್ಟಾ ಹೇಳ್ತೀನಿ, ಬೇಜಾರ ಮಾಡ್ಕೋಬ್ಯಾಡ್ರಿ. ಪದ್ಧತಿ ಏನೂ ಮಾಡೇ ಇಲ್ಲ ಅನ್ನೋದೂ ತಪ್ಪು. ನಮ್ಮ ಕಡಿ ಬಾಣಂತಿಗೆ ನೀರು ಕಮ್ಮಿ ಕೊಡ್ತಾರ, ಕಾಯಿಪಲ್ಯ ಕೊಟ್ರ ಕೂಸಿಗಿ ಶೀತ ಆಗ್ತದ ಅಂತಾರ, ಮೊದಲನೇ ಹಾಲು ಹಿಂಡಿ ಚೆಲ್ತಾರ, ಕೂಸಿನ ಬಾಯಿಗಿ ಜೇನುತುಪ್ಪ ಇಲ್ಲಾ ಬೆಲ್ಲದ ನೀರು ಹಚ್ತಾರ. ಕೂಸು ಅತ್ರ ಹೊಟ್ಟಿ ಮ್ಯಾಲ ಬರೆ ಹಾಕೋದು ಇನ್ನೂ ಪೂರಾ ಹೋಗಿಲ್ಲ. ನನ್ನ ತಮ್ಮನ ಮಗನ ಹೊಟ್ಟಿ ಮ್ಯಾಲ ಇವತ್ತಿಗೂ ಕಲೆ ಅದ. ಇದನ್ನೂ ಬಡತನ ಅಂತ ಹೇಳ್ತೀರೇನು? ನಮ್ಮ ಮನ್ಯಾಗ ಹೊಲ ಇತ್ತು, ಎಮ್ಮಿ ಇದ್ವು, ಬಡತನ ಇರಲಿಲ್ಲ.

ಚಿಂಚೋಳಿ_ಸಿಸ್ಟರ್
ಅಣ್ಣ ನೀವು ಹೇಳಿದ್ದು ಖರೇ. ಬರೆ ಹಾಕೋದು ಒಂದು ಜಾತಿದು ಅಲ್ಲ, ಎಲ್ಲಾ ಮನ್ಯಾಗೂ ನೋಡೀನಿ, ನೌಕರಿ ಮಾಡೋರ ಮನ್ಯಾಗೂ. ಆದ್ರ ದೊಡ್ಡ ಮನ್ಯಾಗ ಆದ್ರ "ಅಜ್ಜಿ ಹಠ" ಅಂತಾರ, ತಾಂಡಾದಾಗ ಇಲ್ಲಾ ಕೇರ್ಯಾಗ ಆದ್ರ ಇಡೀ ಮಂದಿ ಮ್ಯಾಲ ಹೊರಸ್ತಾರ. ನನ್ನ ತಕರಾರು ಅದು.

ಸುರಪುರ_ದೊರೆ
ಈ ಮಾತು ಒಪ್ಪಿದೆ.

ಅಫಜಲಪುರ_ಅಕ್ಕ
ಬಾಣಂತಿ ಊಟ ಅಂದ ಕೂಡಲೇ ಎಲ್ಲಾನೂ ಕೆಟ್ಟದ್ದು ಅನ್ನಬ್ಯಾಡ್ರಿ. ಅಳವಿ ಪಾಯಸ, ಅಂಟಿನ ಉಂಡಿ, ಕೊಬ್ಬರಿ, ಖಾರೀಕು ಇವೆಲ್ಲ ನಮ್ಮ ಅವ್ವಂದಿರು ಸುಮ್ಸುಮ್ನ ಮಾಡಿದ್ದಲ್ಲ. ಅಳವಿ ಬೀಜದಾಗ ಕಬ್ಬಿಣದ ಅಂಶ ಭಾಳ ಅದ. ಪುಂಡಿಪಲ್ಯ, ಜ್ವಾಳದ ರೊಟ್ಟಿ ಇದ್ರ ಇನ್ನೇನು ಬೇಕು. ಈಗ ಮನ್ಯಾಗ ರೇಷನ್ ಅಕ್ಕಿ ಅನ್ನ, ಮ್ಯಾಲ ಗಂಟೆಗೊಮ್ಮಿ ಚಹಾ. ಪದ್ಧತಿ ಬಿಟ್ಟಿದ್ದಕ್ಕೇ ಈ ಹಾಲ್ ಆಗಿದ್ದು ಅಂತ ನಾ ಹೇಳ್ತೀನಿ.

ಪಿಜಿ_ಡಾಕ್ಟರ್_ಬೀದರ್
ಅಕ್ಕ, ಚಹಾ ವಿಷಯ ನೂರಕ್ಕೆ ನೂರು ನಿಜ. ಊಟದ ಜೊತೆ ಅಥವಾ ಊಟ ಆದ ತಕ್ಷಣ ಟೀ ಕುಡಿದರೆ ಊಟದಲ್ಲಿರೋ ಕಬ್ಬಿಣ ಮೈಗೆ ಹತ್ತೋದೇ ಕಮ್ಮಿ ಆಗುತ್ತೆ, ಅದೇ ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಂಡರೆ ಜಾಸ್ತಿ ಹತ್ತುತ್ತೆ. ಆದರೆ ಬಸುರಿಗೆ 8 ಇರೋವಾಗ ಬರೀ ಪುಂಡಿಪಲ್ಯ ಸಾಕಾಗಲ್ಲ. ಸೊಪ್ಪಿನ ಕಬ್ಬಿಣ ಮೈಗೆ ಹತ್ತೋದು ಕಮ್ಮಿ, ಮಾಂಸದ್ದು ಜಾಸ್ತಿ. ಗುಳಿಗೆ ಬೇಕೇ ಬೇಕು. ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಒಂದು ಗುಳಿಗೆಗೆ 60 ಮಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್, ಬಸುರಿದ್ದಾಗ 180 ದಿನ, ಹೆರಿಗೆ ಆದಮೇಲೆ ಮತ್ತೆ 180 ದಿನ. ರಕ್ತ ಕಮ್ಮಿ ಇದ್ದವರಿಗೆ ದಿನಕ್ಕೆ ಎರಡು.

ನಾನು ಮೈಸೂರು ಕಡೆಯವನು, ಇಲ್ಲಿಗೆ ಬಂದ ಮೇಲೆ ತುಂಬಾ ಕಲಿತಿದ್ದೀನಿ. ಗುಳಿಗೆ ತಗೊಂಡರೆ ಕಕ್ಕಸು ಕಪ್ಪಗೆ ಆಗುತ್ತೆ, ಅದನ್ನ ಮೊದಲೇ ಹೇಳದಿದ್ದರೆ ಯಾರಾದರೂ ಹೆದರಿಕೊಳ್ಳೋದೇ. ಹೆದರಿ ಬಿಟ್ಟವರನ್ನ ಮೂಢನಂಬಿಕೆ ಅಂತ ಬೈಯೋದು ನಮ್ಮವರ ತಪ್ಪು.

ತಾಂಡಾ_ಪೋರ
ನಾ ತಾಂಡಾದವನೇ. ಮ್ಯಾಲಿನ ಪೋಸ್ಟ್ ಓದಿ ಭಾಳ ತ್ರಾಸಾತು, ಆದ್ರೂ ಸಿಸ್ಟರ್ ನೇರ ಬರದಿದ್ದಕ್ಕ ಖುಷಿ ಆತು.

ಒಂದು ಮಾತು ಕೇಳ್ತೀನಿ. ನಾವು ಲಂಬಾಣಿ ಮಂದಿ ಕರ್ನಾಟಕದಾಗ ಎಸ್‌ಸಿ. ಚಿಂಚೋಳಿ ದಾಟಿ ತೆಲಂಗಾಣಕ್ಕ ಹೋದ್ರ ಎಸ್‌ಟಿ. ಮಹಾರಾಷ್ಟ್ರಕ್ಕ ಹೋದ್ರ ವಿಮುಕ್ತ ಜಾತಿ ಅಂತ ಬ್ಯಾರೇನೇ ಲಿಸ್ಟ್. ನಮ್ಮ ಕಾಕಾನ ಮನಿ ತಾಂಡೂರ ಕಡಿ, ನಮ್ಮದು ಇಲ್ಲಿ, ರಗತ ಒಂದೇ, ಭಾಷಾ ಒಂದೇ, ಸೇವಾಲಾಲ್ ಮಹಾರಾಜರಿಗೆ ಕೈ ಮುಗಿಯೋದು ಒಂದೇ. ಬುಡಕಟ್ಟು ಮಂದಿಗೆ ಅಂತ ಆರೋಗ್ಯದ ಸ್ಕೀಂ ಬಂದ್ರ ಆ ಕಡಿಯವರು ಲೆಕ್ಕಕ್ಕ ಬರ್ತಾರ, ನಾವು ಬರಲ್ಲ. ಹಂಗಿದ್ದಾಗ "ಈ ಬುಡಕಟ್ಟಿನವರಿಗೆ ಈ ಬ್ಯಾನಿ" ಅಂತ ಲೆಕ್ಕ ಹ್ಯಾಂಗ ತಗೀತಾರ?

ಇನ್ನ ಗುಳೆ ವಿಷಯ. ದೀಪಾವಳಿ ಆದ ಮ್ಯಾಲ ಅರ್ಧ ತಾಂಡಾ ಖಾಲಿ. ಪುಣೆ, ಮುಂಬೈ, ಬೆಂಗಳೂರು, ಕಬ್ಬು ಕಡಿಲಾಕ ಕೊಲ್ಹಾಪುರ ಕಡಿ. ತಾಯಿ ಕಾರ್ಡ್ ಇಲ್ಲಿದು, ಹೆರಿಗಿ ಅಲ್ಲಿ, ಕೂಸಿನ ಲಸಿಕಿ ಯಾರ ಲೆಕ್ಕಕ್ಕೂ ಇಲ್ಲ. ಲಸಿಕಿ ತಪ್ಪಿದ್ದು ನಮಗ ಅರಿವಿಲ್ಲ ಅಂತಲ್ಲ, ಕಬ್ಬಿನ ಗದ್ಯಾಗ ಗುಡಿಸಲಾ ಹಾಕ್ಕೊಂಡು ಇದ್ದಾಗ ಅಲ್ಲಿನ ಆಶಾಗೆ ನಾವು ಯಾರಂತನೇ ಗೊತ್ತಿರಲ್ಲ.

ಯಾದಗಿರಿ_ಮಂದಿ
ತಾಂಡಾ ಪೋರ ಅಣ್ಣ, ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಸುದ್ದಿ ನೆನಪದೇನು? ಬೋರ್‌ವೆಲ್ ನೀರಿನಾಗ ಆರ್ಸೆನಿಕ್ ಇತ್ತು, ಮಂದಿಗೆ ಚರ್ಮ ಕೆಟ್ಟಿತ್ತು, ಕ್ಯಾನ್ಸರ್ ಸುದ್ದಿನೂ ಬಂದಿತ್ತು. ಆರ್ಸೆನಿಕ್ ಒಂದು ಲೀಟರಿಗೆ 0.01 ಮಿಗ್ರಾಂಗಿಂತ ಜಾಸ್ತಿ ಇರಬಾರದು ಅಂತ ಲಿಮಿಟ್ ಅದ. ಅದು ಕಣ್ಣಿಗೂ ಕಾಣಲ್ಲ, ಬಾಯಿಗೂ ರುಚಿ ಹತ್ತಲ್ಲ. ನೀರು ಟೆಸ್ಟ್ ಮಾಡದೇ ಇದ್ದಿದ್ರ ಇವತ್ತಿಗೂ ಆ ಬ್ಯಾನಿನ "ಆ ಮಂದಿ ಮನಿತನದ ಬ್ಯಾನಿ" ಅಂತನೇ ತಿಳೀತಿದ್ವಿ. ಒಂದೇ ತಾಂಡಾ, ಒಂದೇ ಬಳಗ, ಎಲ್ಲರಿಗೂ ಒಂದೇ ಬ್ಯಾನಿ ಅಂದ್ರ ಯಾರಿಗರ ಹಂಗೇ ಅನಸ್ತದ. ಕಾರಣ ಇದ್ದಿದ್ದು ಅವರು ಕುಡಿಯೋ ನೀರಿನಾಗ.

ಸೇಡಂ_ಸಿಮೆಂಟ್
ಫ್ಲೋರೈಡೂ ಅದೇ ಕಥಿ. ಯಾದಗಿರಿ, ಕಲಬುರಗಿ ಹಳ್ಳಿಗಳಾಗ ಹಲ್ಲು ಕಂದಾದ ಮಂದಿ ಎಷ್ಟಿಲ್ಲ. ಲೀಟರಿಗೆ 1.5 ಮಿಗ್ರಾಂ ದಾಟಿದ್ರ ಹಲ್ಲಿಗೂ ಎಲುಬಿಗೂ ತೊಂದ್ರಿ. ನಮ್ಮ ಊರಿನ ಹುಡುಗಿ ನೋಡಲಾಕ ಬಂದವರು ಹಲ್ಲು ನೋಡಿ "ಇವರ ಮನಿತನದಾಗೇ ಹಿಂಗ" ಅಂತ ಹೇಳಿ ಹೋಗ್ಯಾರ. ಮನಿತನ ಅಲ್ಲ, ಬೋರ್‌ವೆಲ್!

ಗುರುಮಠಕಲ್_ಗಡಿ
ನೀರಿನ ಮಾತು ಬಂತು ಅಂತ ಹೇಳ್ತೀನಿ, ನಮ್ಮ ಊರಾಗ ಶುದ್ಧ ನೀರಿನ ಘಟಕ ಕೆಟ್ಟು ನಿಂತದ. 5 ರೂಪಾಯಿ ಕಾಯಿನ್ ಹಾಕಿದ್ರೂ ಬರಲ್ಲ. ಯಾರಿಗಿ ಹೇಳಬೇಕು ತಿಳದವರು ಹೇಳ್ರಿ.

ಶಹಾಪುರ_ಮಾಸ್ತರ್
ಪಂಚಾಯಿತಿ ಪಿಡಿಓಗೆ ಬರದು ಕೊಡ್ರಿ, ನಕಲು ಇಟ್ಕೋರಿ. ಮತ್ತ ನೀರಿನ ಸ್ಯಾಂಪಲ್ ಗ್ರಾಮೀಣ ಕುಡಿಯುವ ನೀರಿನ ಇಲಾಖಿ ಲ್ಯಾಬಿಗೆ ಕಳಸಲಾಕ ಕೇಳ್ರಿ.

ಬೆಂಗಳೂರಲ್ಲಿ_ಬೀದರಿ
ಎಲ್ಲರೂ ನೀರು, ಬಡತನ ಅಂತಿದ್ದೀರ. ಆದ್ರೆ ಜೀನ್ ಅನ್ನೋದು ಇದೆ ಅಲ್ವಾ? ನಮ್ಮ ಮನೇಲಿ ಯಾರೂ ದಪ್ಪ ಇಲ್ಲ, ಎಲ್ಲರಿಗೂ 40ಕ್ಕೇ ಶುಗರ್. ನನ್ನ ಆಫೀಸಲ್ಲಿ ಒಬ್ಬ ಜರ್ಮನಿಯವನು ನನಗಿಂತ ಡಬಲ್ ಇದ್ದಾನೆ, ಏನೂ ಇಲ್ಲ ಅವನಿಗೆ. ಇದು ಜನಾಂಗದ ವ್ಯತ್ಯಾಸ ಅಲ್ದೆ ಇನ್ನೇನು?

ಪಿಜಿ_ಡಾಕ್ಟರ್_ಬೀದರ್
ಒಳ್ಳೆ ಪ್ರಶ್ನೆ, ಸ್ವಲ್ಪ ಉದ್ದ ಬರೀತೀನಿ. ನಮ್ಮ ಜನಕ್ಕೆ ತೂಕ ಕಮ್ಮಿ ಇದ್ದರೂ ಒಳಗೆ ಕೊಬ್ಬು ಜಾಸ್ತಿ ಇರುತ್ತೆ, ಅದೂ ಹೊಟ್ಟೆ ಸುತ್ತ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ ತಮ್ಮಿಬ್ಬರದೇ ಅಳತೆ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟ ಮಾಡಿದ್ರು. ಇಬ್ಬರಿಗೂ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 22.3. ಮೈಯಲ್ಲಿರೋ ಕೊಬ್ಬು ಮಾತ್ರ ಯುಡ್ಕಿನ್‌ಗೆ 9.1%, ಯಾಜ್ಞಿಕ್‌ಗೆ 21.2%. ಅದಕ್ಕೇ ನಮ್ಮಲ್ಲಿ ತೂಕ ಜಾಸ್ತಿ ಅನ್ನೋಕೆ ಬಿಎಂಐ 25ರವರೆಗೆ ಕಾಯಲ್ಲ, 23ಕ್ಕೇ ಎಚ್ಚರಿಕೆ. ಸೊಂಟದ ಅಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು. ಇಲ್ಲಿ ಜನಾಂಗ ನೋಡಿ ಅಳತೆ ಬದಲಾಯಿಸಿದ್ದು ಸರಿ, ಅದರಿಂದ ಕಾಯಿಲೆ ಬೇಗ ಸಿಗುತ್ತೆ.

ಆದರೆ ಎಲ್ಲಾ ಜೀನ್ ಅಂತ ಹೇಳೋಕಾಗಲ್ಲ. ಯಾಜ್ಞಿಕ್ ಅವರ ತಂಡವೇ ತೋರಿಸಿರೋದು ಏನಂದರೆ ನಮ್ಮ ಮಕ್ಕಳು ಹುಟ್ಟುವಾಗಲೇ ತೂಕ ಕಮ್ಮಿ, ಆದರೂ ಕೊಬ್ಬಿನ ಪಾಲು ಜಾಸ್ತಿ. ಅದಕ್ಕೆ ತಾಯಿ ಬಸುರಿದ್ದಾಗ ಏನು ತಿಂದಳು, ಎಷ್ಟು ದುಡಿದಳು ಅನ್ನೋದೂ ಸೇರುತ್ತೆ. ಅಂದ್ರೆ ಸಿಸ್ಟರ್ ಹೇಳಿದ ತೊಗರಿ ಹೊಲದ ಹೆಣ್ಣುಮಗಳ ರಕ್ತ ಕಮ್ಮಿ ಆಗಿದ್ದು ಅವಳ ಮಗುವಿನ ಮುಂದಿನ ಶುಗರ್‌ವರೆಗೂ ಹೋಗಬಹುದು.

ಬೆಂಗಳೂರಲ್ಲಿ_ಬೀದರಿ
ಓ, ಇದು ಗೊತ್ತಿರ್ಲಿಲ್ಲ ಡಾಕ್ಟ್ರೇ. ಥ್ಯಾಂಕ್ಸ್.

ಹುಮನಾಬಾದ್_ಭಾಯಿ
ಡಾಕ್ಟರ್ ಸಾಬ್, ಸಂಬಂಧದಾಗ ಮದುವಿ ಬಗ್ಗೆ ಹೇಳ್ರಿ. ದವಾಖಾನ್ಯಾಗ ಕೂಸಿಗಿ ತೊಂದ್ರಿ ಇದ್ದು ನಮ್ಮ ಹೆಸರು ಕೇಳಿದ ಕೂಡಲೇ "ನಿಮ್ಮಲ್ಲಿ ಹಂಗೇ ಅಲ್ವಾ" ಅಂತಾರ. ನಮ್ಮ ಓಣ್ಯಾಗ ಲಿಂಗಾಯತ್ರು, ಕುರುಬ್ರು, ಎಲ್ಲರಲ್ಲೂ ಅಕ್ಕನ ಮಗಳನ್ನ ಮಾಡ್ಕೊಂಡವರು ಅದಾರ. ಅವರಿಗೆ ಯಾರೂ ಹಂಗ ಕೇಳಲ್ಲ.

ಕಮಲಾಪುರ_ಬಾಳಿ
ನಿಮ್ಮಲ್ಲಿ ದೊಡ್ಡಪ್ಪನ ಮಗಳನ್ನೂ ಮಾಡ್ಕೋತೀರಿ, ನಮ್ಮಲ್ಲಿ ಅದು ನಡೆಯಲ್ಲ, ತಂಗಿ ಆಗ್ತಾಳ. ಅದು ಫರಕ್ ಅದ.

ಪಿಜಿ_ಡಾಕ್ಟರ್_ಬೀದರ್
ರಕ್ತಕ್ಕೆ ಆ ಫರಕ್ ಗೊತ್ತಾಗಲ್ಲ ಸರ್. ಅತ್ತೆ ಮಗಳು, ಮಾವನ ಮಗಳು, ದೊಡ್ಡಪ್ಪನ ಮಗಳು, ಮೂರೂ ಲೆಕ್ಕದಲ್ಲಿ ಒಂದೇ, ಇಬ್ಬರಲ್ಲೂ ಎಂಟರಲ್ಲಿ ಒಂದು ಪಾಲು ಜೀನ್ ಒಂದೇ ಇರುತ್ತೆ. ಸೋದರಮಾವ ಅಕ್ಕನ ಮಗಳನ್ನ ಮಾಡ್ಕೊಂಡರೆ ಅದು ನಾಲ್ಕರಲ್ಲಿ ಒಂದು ಪಾಲು, ಡಬಲ್. ಹುಟ್ಟೋ ಮಗುವಿಗೆ ಗಂಭೀರ ತೊಂದರೆ ಇರೋ ಸಾಧ್ಯತೆ ಸಂಬಂಧ ಇಲ್ಲದವರಲ್ಲಿ 2-3% ಇದ್ದರೆ ಅತ್ತೆ-ಮಾವನ ಮಕ್ಕಳಲ್ಲಿ ಸುಮಾರು ಎರಡು ಪಟ್ಟು. ಅಂದ್ರೆ ಬಹಳಷ್ಟು ಮಕ್ಕಳು ಚೆನ್ನಾಗೇ ಇರ್ತಾರೆ, ಆದರೆ ಮನೆತನದಲ್ಲಿ ಮೊದಲೇ ಒಂದು ಕಾಯಿಲೆ ಇದ್ದರೆ ಮದುವೆಗೆ ಮುಂಚೆ ಟೆಸ್ಟ್ ಮಾಡಿಸಲೇಬೇಕು. ಧರ್ಮ ನೋಡಿ ಕೇಳೋದಲ್ಲ, ಎಲ್ಲರನ್ನೂ ಕೇಳಬೇಕು.

ಹುಮನಾಬಾದ್_ಭಾಯಿ
ಶುಕ್ರಿಯಾ ಡಾಕ್ಟರ್ ಸಾಬ್. ಎಲ್ಲರನ್ನೂ ಕೇಳ್ರಿ ಅನ್ನೋದೇ ನಮ್ಮ ಮಾತು.

ಕಮಲಾಪುರ_ಬಾಳಿ
ಅಕ್ಕನ ಮಗಳದು ಡಬಲ್ ಅಂತ ನನಗ ಗೊತ್ತಿರಲಿಲ್ಲ. ನಮ್ಮ ಮನ್ಯಾಗ ಇಂಥದೇ ಒಂದು ಮಾತುಕತಿ ನಡದದ, ಇದನ್ನ ಓದಿ ಹೇಳ್ತೀನಿ.

ಆಳಂದ_ಟು_ಲೀಡ್ಸ್
ನಾ ಆಳಂದದಾಕಿ, ಈಗ ಇಂಗ್ಲೆಂಡಿನಾಗ ನರ್ಸ್ ಇದೀನಿ. ಇಲ್ಲಿ ಪೇಷೆಂಟ್ ಬಂದ ಕೂಡಲೇ ಫಾರ್ಮಿನಾಗ ಯಾವ ಜನಾಂಗ ಅಂತ ಕೇಳ್ತಾರ, ಏಷ್ಯನ್, ಬ್ಲ್ಯಾಕ್, ವೈಟ್ ಹಿಂಗ. ಮೊದಮೊದಲು ನನಗ ಕಸಿವಿಸಿ ಆಗ್ತಿತ್ತು. ಆದ್ರ ಆ ಲೆಕ್ಕ ಇರೋದ್ರಿಂದಲೇ ಇಲ್ಲಿ ಕಪ್ಪು ಹೆಣ್ಣುಮಕ್ಕಳು ಹೆರಿಗಿ ಟೈಮಿನಾಗ ಸಾಯೋದು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಅಂತ ಗೊತ್ತಾತು. ಒಂದೇ ದೇಶ, ಒಂದೇ ಫ್ರೀ ಆಸ್ಪತ್ರಿ. ನೋವು ಅಂದ್ರ ನಂಬಲ್ಲ, ಕೇಳಸ್ಕೊಳ್ಳಲ್ಲ ಅಂತ ಆ ಹೆಣ್ಣುಮಕ್ಕಳು ಹೇಳ್ತಾರ.

ಇನ್ನೊಂದು. ಕೋವಿಡ್ ಟೈಮಿನಾಗ ನಾವೆಲ್ಲ ಬೆರಳಿಗೆ ಹಾಕೋ ಆಕ್ಸಿಮೀಟರ್ ತಗೊಂಡಿದ್ವಿ ಅಲ್ಲ? ಅಮೆರಿಕಾದಾಗ 2020ರ ಕೊನಿಗಿ ಬಂದ ಒಂದು ಅಧ್ಯಯನದಾಗ, ಮಷಿನ್ 92ರಿಂದ 96 ತೋರಸ್ತಿದ್ದಾಗ ಖರೇ ಆಕ್ಸಿಜನ್ 88ಕ್ಕಿಂತ ಕೆಳಗ ಇದ್ದಿದ್ದು ಬಿಳಿಯರಲ್ಲಿ 3.6%, ಕಪ್ಪು ಮಂದ್ಯಾಗ 11.7%. ಚರ್ಮದ ಬಣ್ಣ ದಟ್ಟ ಇದ್ರ ಮಷಿನ್ ಜಾಸ್ತಿ ತೋರಸ್ತದ. ಕಲಬುರಗಿ ಬಿಸಿಲಾಗ ದುಡಿಯೋ ಮಂದಿ ಬೆರಳಿಗೆ ಅದು ಎಷ್ಟು ಸರಿ ತೋರಸ್ತು ಅಂತ ನೆನಸ್ಕೊಂಡ್ರ ಹೊಟ್ಟ್ಯಾಗ ಸಂಕಟ ಆಗ್ತದ.

ಉಲ್ಟಾನೂ ಅದ. ಕಿಡ್ನಿ ಎಷ್ಟು ಕೆಲಸ ಮಾಡ್ತದ ಅಂತ ಲೆಕ್ಕ ಹಾಕೋ ಸೂತ್ರದಾಗ ಕಪ್ಪು ಮಂದಿಗೆ 1.159ರಿಂದ ಗುಣಿಸ್ತಿದ್ರು, ಅಂದ್ರ ಕಿಡ್ನಿ ಛಲೋ ಅದ ಅಂತ ತೋರಿಸಿ ಟ್ರಾನ್ಸ್‌ಪ್ಲಾಂಟ್ ಲಿಸ್ಟಿಗೆ ಲೇಟಾಗಿ ಸೇರಸ್ತಿದ್ರು. 2021ರಾಗ ಅಮೆರಿಕಾದಾಗ ತಗದು ಹಾಕಿದ್ರು. ಜನಾಂಗ ನೋಡಬೇಕಾದ ಕಡಿ ನೋಡಲಿಲ್ಲ, ನೋಡಬಾರದ ಕಡಿ ನೋಡಿದ್ರು.

ತಾಂಡಾ_ಪೋರ
ಅಕ್ಕ ಹಂಗಾದ್ರ ನಮ್ಮ ಆಸ್ಪತ್ರ್ಯಾಗೂ ಜಾತಿ ಕೇಳಿ ಬರಕೋಬೇಕು ಅಂತೀರೇನು? ಓಪಿ ಚೀಟಿ ಮ್ಯಾಲ ಜಾತಿ ಬಂದ್ರ ನಮ್ಮನ್ನ ಮುಟ್ಟಿ ನೋಡೋರು ಇನ್ನೂ ಕಮ್ಮಿ ಆಗ್ತಾರ. ಅಂಗಳದಾಗ ನಿಂದ್ರಿಸಿ ಸೂಜಿ ಮಾಡಿದ್ದು ನಮ್ಮ ಅಜ್ಜಿ ಇನ್ನೂ ಹೇಳ್ತಾಳ.

ಆಳಂದ_ಟು_ಲೀಡ್ಸ್
ಚೀಟಿ ಮ್ಯಾಲ ಬ್ಯಾಡ ತಮ್ಮ. ಡಾಕ್ಟರ್ ಕೈಗಿ ಹೋಗೋ ಕಾಗದದ ಮ್ಯಾಲ ಬ್ಯಾಡವೇ ಬ್ಯಾಡ. ಆದ್ರ ಜಿಲ್ಲಾ ಲೆಕ್ಕ ತಗ್ಯೋವಾಗ, ಹೆಸರಿಲ್ಲದ ಪಟ್ಟ್ಯಾಗ ಬೇಕು. ಇಲ್ಲಂದ್ರ ನಿಮ್ಮ ತಾಂಡಾದಾಗ ಎಷ್ಟು ಕೂಸು ಹೋದ್ವು ಅಂತ ಯಾರಿಗೂ ಕಾಣಲ್ಲ.

ಜೇವರ್ಗಿ_ವಕೀಲ
ನಾನು ಪೋರನ ಕಡೆ. ಲೆಕ್ಕ ತಗೊಂಡು ಏನು ಮಾಡಿದ್ದಾರೆ ಅನ್ನೋದು ಮುಖ್ಯ. ಅಮೆರಿಕದ ಟಸ್ಕಿಗಿಯಲ್ಲಿ 1932ರಿಂದ 1972ರವರೆಗೆ ಕಪ್ಪು ಗಂಡಸರ ಮೇಲೆ ಸಿಫಿಲಿಸ್ ಅನ್ನೋ ಲೈಂಗಿಕ ರೋಗದ ಅಧ್ಯಯನ ಅಂತ ಮಾಡಿದ್ರು, 399 ಜನ ರೋಗಿಗಳು, ಪೆನ್ಸಿಲಿನ್ ಬಂದ ಮೇಲೂ ಕೊಡಲಿಲ್ಲ, ಸುಮ್ಮನೆ ನೋಡ್ತಾ ಕೂತರು. ಅಂಥದ್ದು ಆದ ಮೇಲೆ ಆ ಜನ ಆಸ್ಪತ್ರೆ ಅಂದರೆ ಹೆದರೋದಕ್ಕೆ ಸಂಸ್ಕೃತಿ ಅನ್ನೋಕೆ ಬರುತ್ತಾ? ಅದು ಅನುಭವ. ನಮ್ಮಲ್ಲೂ ತುರ್ತು ಪರಿಸ್ಥಿತಿ ಟೈಮಲ್ಲಿ ಬಲವಂತವಾಗಿ ಮಕ್ಕಳಾಗದ ಆಪರೇಷನ್ ಮಾಡಿದ್ದನ್ನ ಹಳ್ಳಿ ಜನ ಮರೆತಿಲ್ಲ.

ಶಹಾಪುರ_ಮಾಸ್ತರ್
ವಕೀಲರೇ, ವಿಶ್ವಾಸ ಗಳಿಸಿದ್ದೂ ಅದ ಅಲ್ರಿ. ಪೋಲಿಯೊ ನೋಡ್ರಿ, ಉತ್ತರಪ್ರದೇಶದಾಗ ಮುಸ್ಲಿಂ ಮನಿಗಳು ಹನಿ ಹಾಕಿಸ್ಕೊಳ್ಳಲಾಕ ಒಪ್ಪತಿರಲಿಲ್ಲ, ಮಕ್ಕಳು ಆಗಲ್ಲ ಅಂತ ಗಾಳಿಸುದ್ದಿ. ಆಮ್ಯಾಲ ಮೌಲ್ವಿಗಳನ್ನೇ ಸೇರಿಸಿಕೊಂಡ್ರು, ಅದೇ ಓಣಿ ಹೆಣ್ಣುಮಕ್ಕಳನ್ನ ಮನಿ ಮನಿಗಿ ಕಳಸಿದ್ರು. ದೇಶದ ಕೊನೀ ಕೇಸು 2011ರ ಜನವರಿ, 2014ರ ಮಾರ್ಚ್‌ನಾಗ ಪೋಲಿಯೊಮುಕ್ತ ಅಂತ ಸರ್ಟಿಫಿಕೇಟ್ ಸಿಕ್ತು.

ಕೆಎ32_ಪಾಸಿಂಗ್
ಕೋವಿಡ್ ಮಾತು ಬಂತು. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಾಗ ನಮ್ಮ ಕಲಬುರಗ್ಯಾಗೇ ಆತು. ಆಮ್ಯಾಲ ಕೆಎ 32, ಅಂದ್ರ ಕಲಬುರಗಿ ನಂಬರಿನ ಗಾಡಿ ನೋಡಿದ್ರ ಬ್ಯಾರೆ ಜಿಲ್ಲಾದಾಗ ಮಂದಿ ಹಿಂದ ಸರೀತಿದ್ರು. ನನಗ ಒಂದು ಊರಾಗ ಚಹಾ ಕೊಡಲಿಲ್ಲ. ಬ್ಯಾನಿಗೆ ಊರಿನ ಹೆಸರು ಹಚ್ಚಿದ್ರ ಏನಾಗ್ತದ ಅಂತ ಆಗ ನಮಗೆಲ್ಲ ತಿಳೀತು, ಅದನ್ನೇ ನಾವು ತಾಂಡಾಕ್ಕ, ಕೇರಿಗಿ, ಮೊಹಲ್ಲಾಕ್ಕ ದಿನಾ ಮಾಡ್ತೀವಿ.

ಬಸವಕಲ್ಯಾಣ_ಆಶಾ
ನಾ ಆಶಾ. ಭಾಷಾ ತ್ರಾಸ ಯಾರೂ ಹೇಳಲಿಲ್ಲ. ನಮ್ಮಲ್ಲಿ ಮರಾಠಿ, ದಖನಿ, ಕನ್ನಡ, ಲಂಬಾಣಿ ಎಲ್ಲಾನೂ ಅದ. ಒಬ್ಬ ಅಮ್ಮಗ ಬಿಳಿಸೆರಗಿನ ತ್ರಾಸ ಇತ್ತು, ಡಾಕ್ಟರ್ ಹೊಸಬರು ಅವರಿಗೆ ಮರಾಠಿ ಬರಲ್ಲ, ಆಕಿಗಿ ಕನ್ನಡ ಬರಲ್ಲ, ಜೋಡಿ ಬಂದ ಮಗ ಐದನೇತ್ತೆ ಓದೋ ಹುಡುಗ. ಮಗನ ಮುಂದ ಆಕಿ ಏನು ಹೇಳ್ಬೇಕು? ಕಾಲು ನೋವು ಅಂದ್ಳು. ಕಾಲು ನೋವಿನ ಗುಳಿಗಿ ಬರದು ಕೊಟ್ರು. ಮುಂದಿನ ಸಲ ನಾ ಜೋಡಿ ಹೋಗಿ ಹೊರಗ ಕುಂದ್ರಿಸಿದೆ ಹುಡುಗನ್ನ, ಆಗ ಎಲ್ಲಾ ಹೇಳಿದಳು. ದವಾಖಾನ್ಯಾಗ ಒಬ್ಬ ಹೆಣ್ಣುಮಗಳನ್ನ ಮಾತು ತಿಳಿಸಿ ಹೇಳಲಾಕ ಇಟ್ರ ಅರ್ಧ ಬ್ಯಾನಿ ಸಿಗ್ತಾವ ಅಂತ ನನಗ ಅನಸ್ತದ.

ಪಿಜಿ_ಡಾಕ್ಟರ್_ಬೀದರ್
ನಿಮ್ಮಂಥವರು ಇಲ್ಲದಿದ್ದರೆ ನಮ್ಮ ಕೈಲಿ ಏನೂ ಆಗಲ್ಲ ಮೇಡಂ. ಮನಸಾರೆ ಹೇಳ್ತಿದ್ದೀನಿ.

ತೊಗರಿ_ಕಣಜ
ಮೊಟ್ಟಿ ಬಗ್ಗೆ ಯಾರೂ ಅನಲಿಲ್ಲ? 2021ರ ಡಿಸೆಂಬರ್‌ನಾಗ ಬಿಸಿಯೂಟದಾಗ ಮೊಟ್ಟಿ ಕೊಡೋದು ನಮ್ಮ ಭಾಗದಿಂದಲೇ ಶುರುವಾತು, ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಎಲ್ಲಾ ಸೇರಿ. ಎಷ್ಟು ವಿರೋಧ ಬಂತು ಆಗ, ಸಂಸ್ಕೃತಿ ಹಾಳಾಗ್ತದ ಅಂತ. ತಿನ್ನದವರಿಗೆ ಬಾಳೆಹಣ್ಣು ಇಟ್ಟಿದ್ರು. ಆಮ್ಯಾಲ ಇಡೀ ರಾಜ್ಯಕ್ಕ ಬಂತು.

ಅಫಜಲಪುರ_ಅಕ್ಕ
ನಾ ಮೊಟ್ಟಿ ತಿನ್ನಲ್ಲ, ನಮ್ಮ ಮನ್ಯಾಗ ಇಲ್ಲ. ಆದ್ರ ತಿನ್ನೋ ಮಕ್ಕಳ ತಾಟಿನಾಗಿಂದ ತಗೀರಿ ಅಂತ ನಾ ಎಂದೂ ಹೇಳಲ್ಲ. ಒಂದು ಮೊಟ್ಟ್ಯಾಗ 6 ಗ್ರಾಂ ಪ್ರೋಟೀನ್ ಅದ, ಒಂದು ಬಾಳೆಹಣ್ಣಿನಾಗ ಒಂದು ಗ್ರಾಂ ಸುತ್ತಮುತ್ತ. ನನ್ನ ಮಗಳು ಬಾಳೆಹಣ್ಣು ತಗೋತಾಳ, ಮನ್ಯಾಗ ಬ್ಯಾಳಿ ಹಾಲು ಅದ, ನಡೀತದ. ಮನ್ಯಾಗ ಏನೂ ಇಲ್ಲದ ಕೂಸಿನ ಊಟ ನನ್ನ ಮನಿ ಪದ್ಧತಿ ಮ್ಯಾಲ ಯಾಕ ನಿಲ್ಲಬೇಕು?

ಸುರಪುರ_ದೊರೆ
ಅಕ್ಕಾರ ಮಾತು ಬರೋಬರ್ ಅದ 🙏 ಇನ್ನೊಂದು, ರೇಷನ್ ಅಕ್ಕ್ಯಾಗ ಪ್ಲಾಸ್ಟಿಕ್ ಅಕ್ಕಿ ಬರ್ತದ ಅಂತ ನಮ್ಮ ಊರಾಗ ಆರಿಸಿ ಚೆಲ್ತಾರ. ಖರೇ ಏನದು?

ಪಿಜಿ_ಡಾಕ್ಟರ್_ಬೀದರ್
ಪ್ಲಾಸ್ಟಿಕ್ ಅಲ್ಲ ಸರ್. ಅದು ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿದ ಸಾರವರ್ಧಿತ ಅಕ್ಕಿ, ಅಕ್ಕಿ ಹಿಟ್ಟಲ್ಲೇ ಮಾಡಿರ್ತಾರೆ, ನೂರು ಕಾಳಿಗೆ ಒಂದು ಕಾಳು ಸೇರಿಸ್ತಾರೆ. ತೂಕ, ಬಣ್ಣ ಸ್ವಲ್ಪ ಬೇರೆ ಇರೋದ್ರಿಂದ ನೀರಲ್ಲಿ ತೇಲುತ್ತೆ. ಆರಿಸಿ ಬಿಸಾಕಿದರೆ ಕೊಟ್ಟಿದ್ದೇ ವ್ಯರ್ಥ. ಥಲಸ್ಸೇಮಿಯಾ (ಹುಟ್ಟಿನಿಂದ ಬರೋ ರಕ್ತದ ಕಾಯಿಲೆ) ಇರೋರು ಮಾತ್ರ ಡಾಕ್ಟರನ್ನ ಕೇಳಿ ತಿನ್ನಬೇಕು, ಅವರಿಗೆ ಕಬ್ಬಿಣ ಜಾಸ್ತಿ ಆದರೆ ತೊಂದರೆ.

ಯಾದಗಿರಿ_ಮಂದಿ
ರೇಷನ್ ಅಂಗಡ್ಯಾಗ ಒಂದು ಬೋರ್ಡ್ ಹಚ್ಚಿದ್ರ ಮುಗೀತಿತ್ತು ಇದು. ಅದನ್ನ ಹೇಳದೇ ಮಂದಿಗೆ ತಿಳುವಳಿಕಿ ಇಲ್ಲ ಅಂತಾರ.

ಚಿಂಚೋಳಿ_ಸಿಸ್ಟರ್
ಎಲ್ಲರದೂ ಓದಿದೆ. ಡಾಕ್ಟರ್ ಸರ್, ಒಂದು ಪ್ರಶ್ನೆ. ಕೆಲವರು ಗುಳಿಗಿ ಬರೋಬರ್ ತಗೊಂಡಾರ, ಖಾಲಿ ಪಟ್ಟಿ ನಾನೇ ನೋಡೀನಿ, ಆದ್ರೂ ಏರಲ್ಲ. ಅವರಿಗೂ ಸುಳ್ಳು ಹೇಳ್ತಾರ ಅಂತ ಬೈತಾರ.

ಪಿಜಿ_ಡಾಕ್ಟರ್_ಬೀದರ್
ಸಿಸ್ಟರ್, ತಿಂಗಳು ಸರಿಯಾಗಿ ತಗೊಂಡೂ 1 ಗ್ರಾಂ ಕೂಡ ಏರದಿದ್ದರೆ ಹೊಟ್ಟೆ ಹುಳ ನೋಡಿ, ಬಿ12 ನೋಡಿ, ಮತ್ತೆ ಎಚ್‌ಪಿಎಲ್‌ಸಿ (ರಕ್ತದಲ್ಲಿ ಯಾವ ಥರದ ಹಿಮೋಗ್ಲೋಬಿನ್ ಎಷ್ಟಿದೆ ಅಂತ ತೋರಿಸೋ) ಟೆಸ್ಟಿಗೆ ಕಳಿಸಿ. ಕೆಂಪು ಕಣ ಚಿಕ್ಕದಿದ್ದು ಸಂಖ್ಯೆ ಜಾಸ್ತಿ ಇದ್ದರೆ ಥಲಸ್ಸೇಮಿಯಾ ಟ್ರೇಟ್ (ಪೂರ್ತಿ ಕಾಯಿಲೆ ಇಲ್ಲ, ಅದರ ಜೀನ್ ಮಾತ್ರ) ಇರಬಹುದು. ಆ ಟೆಸ್ಟಲ್ಲಿ ಹಿಮೋಗ್ಲೋಬಿನ್ ಎ2 ಭಾಗ 3.5% ದಾಟಿದರೆ ಗಂಡನಿಗೂ ಮಾಡಿಸಿ. ಇಬ್ಬರಿಗೂ ಇದ್ದರೆ ಪ್ರತಿ ಬಸಿರಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಪೂರ್ತಿ ಕಾಯಿಲೆ ಬರೋ ಸಾಧ್ಯತೆ. ಸಿಕಲ್ ಸೆಲ್ಲೂ (ಕೆಂಪು ಕಣ ಕುಡುಗೋಲಿನ ಆಕಾರ ಆಗೋ ಕಾಯಿಲೆ) ಅದೇ ಟೆಸ್ಟಲ್ಲಿ ಗೊತ್ತಾಗುತ್ತೆ. ಸಿಕಲ್ ಸೆಲ್ ನಿರ್ಮೂಲನಾ ಮಿಷನ್ 2023ರ ಜುಲೈಯಲ್ಲಿ ಶುರುವಾಯ್ತು, 17 ರಾಜ್ಯಗಳಲ್ಲಿ ಕರ್ನಾಟಕವೂ ಇದೆ, ಆದರೆ ಅದು ಮುಖ್ಯವಾಗಿ ಬುಡಕಟ್ಟು ಜನ ಇರೋ ಕಡೆ. ತಾಂಡಾ ಪೋರ ಹೇಳಿದ ಲಿಸ್ಟ್ ಸಮಸ್ಯೆ ಇಲ್ಲೇ ಬರೋದು. ನೀವು ಲಿಸ್ಟ್ ನೋಡಬೇಡಿ, ರಿಪೋರ್ಟ್ ನೋಡಿ ಕಳಿಸಿ. ಜಿಲ್ಲಾ ಆಸ್ಪತ್ರೆ ಲ್ಯಾಬಲ್ಲಿ ವಿಚಾರಿಸಿ.

ಜೇವರ್ಗಿ_ವಕೀಲ
ಮತ್ತೆ ಸಿಸ್ಟರ್, ಆ ಕಾರಣದ ಕಾಲಂನಲ್ಲಿ ನೀವು ನೋಡಿದ್ದನ್ನೇ ಬರೀರಿ. "ಖಾಲಿ ಹೊಟ್ಟೆಗೆ ಗುಳಿಗೆ, ವಾಂತಿ, ಬಿಟ್ಟಿದ್ದಾರೆ", "ಗುಳೆ ಹೋಗಿದ್ದಾರೆ", "ಗುಳಿಗೆ ತಗೊಂಡರೂ ಏರಿಲ್ಲ, ಟೆಸ್ಟ್ ಬೇಕು". ಮೇಲಿನವರು ಬದಲಾಯಿಸು ಅಂದರೆ ಲಿಖಿತದಲ್ಲಿ ಕೊಡಿ ಅಂತ ವಿನಯವಾಗಿ ಕೇಳಿ.

ಚಿಂಚೋಳಿ_ಸಿಸ್ಟರ್
ಈ ತಿಂಗಳಿಂದ ಹಂಗೇ ಬರೀತೀನಿ ಸರ್. ತಾಂಡಾ ಪೋರ ತಮ್ಮ, ಎಲ್ಲರ ರಗತ ಒಮ್ಮಿ ತಗದು ಕಳಸೋಣು ಅಂತದ. ಮಂದಿ ಯಾವಾಗ ಸಿಗ್ತಾರ?

ತಾಂಡಾ_ಪೋರ
ದೀಪಾವಳಿಗೆ ಎಲ್ಲಿದ್ರೂ ಬರ್ತಾರ ಅಕ್ಕ. ಅಮಾಸಿ ರಾತ್ರಿ ಹುಡುಗ್ಯಾರು ದೀಪ ಹಿಡ್ಕೊಂಡು ಮನಿ ಮನಿಗಿ ಮೇರಾ (ಹಬ್ಬದ ಹಾಡು ಹಾಡಿ ಕಾಣಿಕಿ) ಕೇಳಲಾಕ ಹೋಗ್ತಾರ, ಮರುದಿನ ಹೂವ ತರಲಾಕ ಅಡವಿಗಿ ಹೋಗ್ತಾರ, ಆ ಎರಡು ದಿನ ಬ್ಯಾಡ. ಅದರ ಮರುದಿನ ಬರ್ರಿ. ತಾಂಡಾದ ಮುಖಂಡ ನಾಯಕ್‌ಗ ಮೊದಲು ಹೇಳಿ ಇಡ್ತೀನಿ, ಅವರು ಹೇಳಿದ್ರ ಗಂಡಸರೂ ಬರ್ತಾರ. ಹೋಳಿಗೂ ಬರ್ತಾರ, ಆದ್ರ ಅಷ್ಟು ಮಂದಿ ಅಲ್ಲ.

ಬಸವಕಲ್ಯಾಣ_ಆಶಾ
ಹೆಣ್ಣುಮಕ್ಕಳಿಗೆ ಬ್ಯಾರೆ ಕೋಣಿ ನೋಡ್ರಿ ತಮ್ಮ, ರಗತದ ಜೋಡಿ ಬ್ಯಾರೆ ತ್ರಾಸನೂ ಹೇಳ್ತಾರ.

ತಾಂಡಾ_ಪೋರ
ಅಂಗನವಾಡಿ ಖುಲ್ಲಾ ಇರ್ತದ ಅಕ್ಕ, ಕೀಲಿ ನಮ್ಮ ಕಾಕು ಹತ್ರ ಅದ. ಸಿಸ್ಟರ್, ಮುಂಜಾನಿ ಏಳಕ್ಕ ಬರ್ರಿ, ಒಂಬತ್ತಾದ್ರ ಟೆಂಪೊ ಬರಲಾಕ ಶುರು ಆಗ್ತಾವ, ಮಂದಿ ಗಂಟುಮೂಟಿ ಕಟ್ತಾರ.

ಚಿಂಚೋಳಿ_ಸಿಸ್ಟರ್
ಆರೂವರಿಗೇ ಬರ್ತೀನಿ. ಲ್ಯಾಬ್‌ನವರಿಗೆ ಟ್ಯೂಬ್ ಎಷ್ಟು ಬೇಕು ಹೇಳಬೇಕು, ಎಷ್ಟು ಮನಿ ಅವ ಅಂತ ನನಗ ಮೆಸೇಜ್ ಮಾಡು.